ಚನ್ನೇಶನ ಡಿಸ್ಕು ಬಾಯಿ ಬಿಟ್ಟದ್ದು

ಬೆಳಿಗ್ಗೆ ಕಂಪ್ಯೂಟರು ‘ಅಪ್‌ಡೇಟ್ ಮಾಡಲೇ?’ ಎಂದು ಕೇಳಿದಾಗ ಫೋಟೋ ಸ್ಟುಡಿಯೋದ ಚನ್ನೇಶ ಕಾಫಿ ಕುಡಿಯುತ್ತಿದ್ದ. ಕಂಪ್ಯೂಟರು ನಡೆಸಲು ಪುಕ್ಕಟೆ ಸಿಗುತ್ತದೆಂದು ಹಾಕಿಸಿಕೊಂಡಿದ್ದ ಲಿನಕ್ಸು ಅದು. ಅಷ್ಟು ಮರ್ಯಾದೆಯಿಂದ ಕೇಳುವಾಗ ಬೇಡ ಎನ್ನುವುದು ಹೇಗೆಂದು ಒತ್ತಿಬಿಟ್ಟ. ಅಲ್ಲಿಗೆ ಕೆಟ್ಟಿತು.

ಕುಣಿಗಲ್ಲಿನ ಮೂಡಲಗಿರಿಯಪ್ಪನವರ ದೊಡ್ಡ ಮಗಳ ಮದುವೆ ವಿಡಿಯೋ ಹಾರ್ಡ್‌ಡಿಸ್ಕಿನಲ್ಲಿತ್ತು. ಇವತ್ತು ಸಂಜೆ ಬೀಗರೂಟ. ಪರದೆ ಕಟ್ಟಿ ಬೀಗರಿಗೆಲ್ಲ ತೋರಿಸಬೇಕು. “ಮಧ್ಯಾಹ್ನ ನಾನೇ ಅಂಗ್ಡಿ ಹತ್ರ ಬಂದು ಇಸ್ಕೊಂಡ್ ಹೋಗ್ತೀನಿ. ಚೆನ್ನಾಗಿ ಬಂದಿದ್ರೆ ಚಿಕ್ಕವಳ ಮದ್ವೇನೂ ನಿಂದೇ ಕಣಪ್ಪ” ಎಂದಿದ್ದರು.

ಚನ್ನೇಶ ಡಿಸ್ಕು ಸಿಕ್ಕಿಸಿದ. ತೆರೆಯಲಿಲ್ಲ. ಡಿಸ್ಕುಗಳನ್ನು ತೆರೆದು ಯೋಗಕ್ಷೇಮ ನೋಡಿಕೊಳ್ಳುವ ಪ್ರೋಗ್ರಾಮನ್ನು ಒತ್ತಿದ. ಅದೂ ಏಳಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಇಲ್ಲಿ ಅಂಥದ್ದು ಯಾವುದೂ ಇಲ್ಲ.

ಚನ್ನೇಶ ಊಟಕ್ಕೆ ಕೂತವನ ಮುಂದಿನ ಎಲೆಯೇ ಮಾಯವಾದಂತೆ ಬೆಚ್ಚಿ, “ಅಯ್ಯೋ, ಮದ್ವೇನೇ ಹೋಯ್ತು!” ಎಂದು ಕಿರುಚಿದ.

ಪಕ್ಕದ ರಾಗಿ ಗಿರಣಿಯ ಅಡವಿಯಪ್ಪ ಹಿಟ್ಟು ಮೆತ್ತಿದ ಮುಖದಲ್ಲೇ ಓಡಿಬಂದ. “ಯಾರ್ ಮದ್ವೇನ್ಲಾ? ಹುಡುಗಿ ಓಡೋದ್ಲಾ?”

“ಹುಡುಗಿ ಅಲ್ಲ ಕಣಣ್ಣ, ವಿಡಿಯೋ!”

ಅಡವಿಯಪ್ಪ ಡಿಸ್ಕನ್ನು ಕಿವಿಗೆ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದ. “ಒಳಗೆ ನೀರಿಲ್ಲ. ಮೊನ್ನೆ ಗುಬ್ಬಿಯಿಂದ ಲಗೇಜ್ ಆಟೋದಲ್ಲಿ ಹಾಕ್ಕೊಂಡ್ ಬಂದ್ಯಲ್ಲ, ಆ ರಸ್ತೆ ಗುಂಡೀಲಿ ಇದ್ರ ಕರುಳು ಕಿತ್ತೋಗೈತೆ ಬುಡು.”

ನಿಜ, ಮೊನ್ನೆಯಷ್ಟೇ ಚನ್ನೇಶ ಸ್ಟುಡಿಯೋವನ್ನು ಗುಬ್ಬಿಯಿಂದ ತುಮಕೂರಿನ ಉಪ್ಪಾರಹಳ್ಳಿಗೆ ತಂದಿದ್ದ, ಬೋರ್ಡು ಸಮೇತ.

ಅಷ್ಟರಲ್ಲಿ ಫೋನು. ಮೂಡಲಗಿರಿಯಪ್ಪ! ಏನು ಹೇಳುವುದು? ಕೆಂಡ ಹಿಡಿದವನಂತೆ ಹಿಡಿದು ಆಫ್ ಮಾಡಿಬಿಟ್ಟ. “ವಿಡಿಯೋ ಸಿಕ್ಮೇಲೆ ಮಾತಾಡಿದ್ರಾಯ್ತು.”

ಅಡವಿಯಪ್ಪ ಮಾನಿಟರಿಗೆ ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದ. ಅದೂ ಕೆಲಸ ಮಾಡಲಿಲ್ಲ. ಕೊನೆಗೆ ಮಹಡಿ ಮನೆಯಲ್ಲಿದ್ದ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅನುಪಮಾರನ್ನು ಊಟದಿಂದ ಎಬ್ಬಿಸಿ ತಂದರು.

“ಡಿಸ್ಕಿಗೆ ಏನೂ ಆಗಿಲ್ಲ ಕಣ್ರೀ” ಎಂದರು ಅನುಪಮಾ, ಎಡಗೈಯಲ್ಲಿ ಟೈಪ್ ಮಾಡುತ್ತ. “ಈ ಪ್ರೋಗ್ರಾಮಿಗೆ ಇನ್ನೊಂದು ಸಣ್ಣ ಫೈಲಿನ ಸಹಾಯ ಬೇಕು. ಅಪ್‌ಡೇಟ್ ಬಂದು ಆ ಫೈಲನ್ನ ಬೇರೆ ಫೋಲ್ಡರಿಗೆ ಸಾಗ್ಸಿದೆ. ಇದು ಪಾಪ, ಇನ್ನೂ ಹಳೇ ಜಾಗಕ್ಕೇ ಹೋಗಿ ಬಾಗಿಲು ತಟ್ತಾ ಇದೆ.”

“ಎಂಥಾ ಬೇಜವಾಬ್ದಾರಿ ರೀ!” ಚನ್ನೇಶ ರೇಗಿದ. “ಜಾಗ ಬಿಡೋರು ಒಂದು ಮಾತು ಹೇಳಿ ಹೋಗ್ಬಾರ್ದಾ?”

“ನಾವಾದ್ರೆ ಹಳೇ ಬಾಗ್ಲಿಗೆ ಒಂದ್ ರಟ್ಟು ಕಟ್ತೀವಪ್ಪ, ಇಂಥಾ ಕಡೆ ಹೋಗಿದೀವಿ ಅಂತ” ಎಂದ ಅಡವಿಯಪ್ಪ.

“ಅದನ್ನೇ ಮಾಡ್ತಾ ಇರೋದು” ಎಂದು ಅನುಪಮಾ ಹಳೆಯ ಜಾಗದಲ್ಲಿ ಹೊಸ ಜಾಗಕ್ಕೆ ಕೈತೋರಿಸುವ ಒಂದು ಸಾಲು ಬರೆದರು.

ಡಿಸ್ಕು ಬಾಯಿ ಬಿಟ್ಟಿತು! ವಾಲಗ ಮೊಳಗಿತು. ತಾಳಿ ಕಟ್ಟುವುದನ್ನು ಕಂಡ ಅಡವಿಯಪ್ಪ ಕೂತಲ್ಲಿಂದಲೇ ಅಕ್ಷತೆ ಎರಚುವಂತೆ ಕೈ ಎತ್ತಿದ. ರಾಗಿ ಹಿಟ್ಟು ಉದುರಿತು.

ಚನ್ನೇಶ ಹಿಗ್ಗಿ ಫೋನು ಆನ್ ಮಾಡಿದ. ಕೈಯಲ್ಲೇ ಕೂಗಿತು.

“ಬನ್ನಿ ಯಜಮಾನ್ರೇ, ರೆಡಿ ಇದೆ!”

“ಎಲ್ಲಿಗ್ಲಾ ಬರ್ಲಿ?” ಮೂಡಲಗಿರಿಯಪ್ಪ ಗುಡುಗಿದರು. “ಗುಬ್ಬೀಲಿ ನಿನ್ ಅಂಗ್ಡಿಗೆ ಹೋದ್ರೆ ಯಾವನೋ ಪ್ಲಾಸ್ಟಿಕ್ ಬಕೆಟ್ ಜೋಡಿಸ್ತಾ ಕೂತವ್ನೆ! ‘ಇಲ್ಲಿ ಅಂಥೋನು ಯಾವನೂ ಇಲ್ಲ’ ಅಂದ. ನಿನ್ ಫೋನೂ ಸತ್ತಿತ್ತು. ಗಂಡಿನ ಕಡೆ ಫೋಟೋಗ್ರಾಫರ್ ಹತ್ರ ಅವ್ರ ವಿಡಿಯೋ ಇಸ್ಕೊಂಡಿದೀನಿ. ಚಿಕ್ಕವಳ ಮದ್ವೆಗೂ ಅವನಿಗೇ ವೀಳ್ಯ ಕೊಟ್ಟಾಯ್ತು!”

ಫೋನು ಕಟ್ಟಾಯಿತು.

ಅಡವಿಯಪ್ಪ ಸದ್ದಿಲ್ಲದೆ ಗಿರಣಿಗೆ ಹೋಗಿ ಒಂದು ರಟ್ಟು ತಂದು ಚನ್ನೇಶನ ಕೈಗಿಟ್ಟ.

“ತಗೋ, ಬರಿ. ದಾರ ನಂತಾವೇ ಐತೆ.”