ಕಾರಂಜಿಗೆ ಬಿದ್ದ ಹಲ್ಲುಸೆಟ್ಟು

ಎವಾರಿಸ್ತೋನ ಬಾಯಿ ಸುಮ್ಮನಿದ್ದಿದ್ದರೆ ಆ ಸೋಮವಾರ ಏನೂ ಆಗುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ರೋಮಿನಲ್ಲಿ ಟ್ರಾಮ್ ಓಡಿಸಿ, ಅಡ್ಡ ಬಂದವರನ್ನೆಲ್ಲ ಬೈದು ಪಳಗಿದ ಬಾಯಿ ಅದು. ನಿವೃತ್ತಿಯಾದ ಮೇಲೆ ಅದಕ್ಕೆ ತ್ರೇವಿ ಕಾರಂಜಿಯೇ ಗತಿಯಾಗಿತ್ತು. ಬೆಳಗಿನ ಕಾಫಿ ಮುಗಿಸಿ ಬಂದು, ನೀರಿಗೆ ಕಾಲಿಡುವ ಪ್ರವಾಸಿಗರನ್ನು ಉಗಿಯದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅವತ್ತು ಹೆಂಡತಿ ಲೊರೆದಾನಾ ಬಾಗಿಲಲ್ಲೇ ತಡೆದಿದ್ದಳು. "ಮಧ್ಯಾಹ್ನ ಬೀಗರ ಜೊತೆ ಊಟ, ನೆನಪಿದೆಯಾ? ಪೆರೂಜಾದಿಂದ ಹುಡುಗನ ತಂದೆ ನೋಟರಿಗಳು ಶನಿವಾರವೇ ಬಂದು ಇಳಿದಿದಾರೆ. ರೋಮಿನವರಿಗೆ ಗಂಟಲು ದೊಡ್ಡದು, ಮರ್ಯಾದೆ ಚಿಕ್ಕದು ಅಂತ ಮೊದಲೇ ಅವರ ಅಭಿಪ್ರಾಯ. ಅವರು ಹೂಂ ಅಂದ್ರೇನೇ ನಮ್ಮ ಸಬೀನಾ ಮದುವೆ. ಇವತ್ತೊಂದು ದಿನ ಬಾಯಿ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನೆಲ್ಲೇ ಬಾಯಿ ಬಿಡ್ತೀನಿ?"

"ಇನ್ನೊಂದು. ಅವರಿಗೆ ಹೊಟ್ಟೆ ಸರಿಯಿಲ್ವಂತೆ, ಬರೀ ಸೂಪು ಸಾಕಂತೆ. ಎದುರಿಗೆ ಕೂತು ನೀವು ಮಾಂಸದ ಮೇಲೆ ಮುಗಿಬೀಳಬೇಡಿ."

"ಬರೀ ಸೂಪಾ? ಪಾಪ!" ಎಂದ ಎವಾರಿಸ್ತೋ. ಪಾಂಥಿಯನ್ ಹಿಂದಿನ ಆ ಹೋಟೆಲಿನ ಹುರಿದ ಕುರಿಮರಿ ಪಕ್ಕೆಲುಬನ್ನು ಅವನು ವಾರದಿಂದ ಕನಸಿನಲ್ಲೇ ಕಡಿಯುತ್ತಿದ್ದ.

ಕಾರಂಜಿಯ ಬಳಿ ಹೋದರೆ, ಒಬ್ಬ ಧಡಿಯ ಪ್ರವಾಸಿ ಬೂಟು ಬಿಚ್ಚಿಟ್ಟು, ಕಟ್ಟೆ ಮೇಲೆ ಕೂತು, ಸಮುದ್ರದೇವರ ಪ್ರತಿಮೆಯ ಎದುರಿಗೇ ಎರಡೂ ಪಾದ ನೆನೆಹಾಕಿದ್ದ. ಎವಾರಿಸ್ತೋ ಹೆಂಡತಿಯನ್ನು ನೆನೆದ. ಹಲ್ಲು ಕಚ್ಚಿ ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ.

"ಲೇ! ನಿಮ್ಮಪ್ಪನ ಬಚ್ಚಲೇನೋ ಇದು? ತೆಗಿಯೋ ಕಾಲು!"

ಕಾಲು ಮೇಲೆ ಬಂತು. ಅದಕ್ಕೂ ಮುಂಚೆ ಎವಾರಿಸ್ತೋನ ಹಲ್ಲುಸೆಟ್ಟು ಹೊರಗೆ ಹಾರಿ, ಬಿಸಿಲಲ್ಲಿ ಒಮ್ಮೆ ನಕ್ಕು, ನೀರಿಗೆ ಬಿತ್ತು. ಇದೂ ಇಲ್ಲಿನ ಪದ್ಧತಿಯಿರಬೇಕೆಂದು ನಾಲ್ಕು ಜನ ಚಪ್ಪಾಳೆ ತಟ್ಟಿದರು.

ಅವನು ಪ್ಯಾಂಟು ಮಡಚಿ ಕಟ್ಟೆ ಹತ್ತಿದ್ದೇ ತಡ, ಪೊಲೀಸಮ್ಮ ಸೀಟಿ ಊದಿದಳು. "ಅಜ್ಜಾ, ಇಳೀರಿ ಕೆಳಗೆ! ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ? ದಂಡ ಹಾಕ್ಬೇಕಾಗುತ್ತೆ!" ಧಡಿಯ ಪ್ರವಾಸಿ ಬೂಟು ಹಾಕಿಕೊಳ್ಳುತ್ತಾ ಬಹಳ ತೃಪ್ತಿಯಿಂದ ತಲೆದೂಗಿದ.

ಎದುರು ಅಂಗಡಿಯ ಕ್ಷೌರಿಕ ಅಗೊಸ್ತಿನೋ, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ. "ಏನಯ್ಯಾ ಬಿತ್ತು? ಉಂಗುರಾನಾ?" ಎವಾರಿಸ್ತೋ ಬಾಯಿ ತೆರೆದು ತೋರಿಸಿದ. ಅಗೊಸ್ತಿನೋ ಗುಟ್ಟು ಕಾಪಾಡುವ ಮನುಷ್ಯನಲ್ಲ. "ಅಯ್ಯಯ್ಯೋ! ಕೇಳಿದ್ರೇನ್ರಪ್ಪಾ, ಎವಾರಿಸ್ತೋನ ಹಲ್ಲು ನೀರುಪಾಲಾಯ್ತು!" ಎಂದು ಇಡೀ ಚೌಕಕ್ಕೆ ಸಾರಿ, ಪರಿಹಾರವನ್ನೂ ತಾನೇ ಹೇಳಿದ: "ಬೆನ್ನು ತಿರುಗಿಸಿ, ಎಡಭುಜದ ಮೇಲಿಂದ ನಾಣ್ಯ ಎಸಿ. ಎಸೆದೋನೇ ರೋಮಿಗೆ ವಾಪಸ್ ಬರ್ತಾನಂತೆ. ಒಂದು ಹಲ್ಲುಸೆಟ್ಟು ಬರಲ್ವಾ?"

ಹುಟ್ಟಿದಾಗಿನಿಂದ ಅಲ್ಲಿ ಒಂದು ಕಾಸೂ ಎಸೆಯದ ಎವಾರಿಸ್ತೋ, ಕಣ್ಣು ಮುಚ್ಚಿ ಎಸೆದ. ಅದು ಹೋಗಿ ಪೊಲೀಸಮ್ಮನ ಟೋಪಿಗೆ ಬಡಿಯಿತು.

ಅವಳ ಕ್ಷಮೆ ಕೇಳುವಷ್ಟರಲ್ಲಿ ಹತ್ತು ಗಂಟೆ. ಪುಣ್ಯಕ್ಕೆ ಸೋಮವಾರ ತಳ ಗುಡಿಸುವ ದಿನ. ರಬ್ಬರ್ ಬೂಟಿನವರು ನೀರಿಗಿಳಿದು, ವಾರಾಂತ್ಯದಲ್ಲಿ ಬಿದ್ದ ನಾಣ್ಯವನ್ನೆಲ್ಲ ಉದ್ದ ಪೊರಕೆಯಿಂದ ಗುಡ್ಡೆ ಮಾಡತೊಡಗಿದರು. ಅವರಲ್ಲಿ ಹಿರಿಯವನಾದ ತುಲ್ಲಿಯೋ ಸ್ವಲ್ಪ ಹೊತ್ತಿಗೆ ಬಕೆಟ್ಟೊಂದನ್ನು ತಂದಿಟ್ಟ. ಎರಡು ಕನ್ನಡಕ, ಒಂದು ಬೀಗದಕೈ, ಒಂದು ಹಲ್ಲುಸೆಟ್ಟು.

"ತಗೋ ಮಾರಾಯ. ಇರೋದು ಇದೊಂದೇ."

ಎವಾರಿಸ್ತೋ ಗಡಿಬಿಡಿಯಲ್ಲಿ ಸರಿಯಾಗಿ ನೋಡದೆಯೇ ತೊಳೆದು ಬಾಯಿಗಿಟ್ಟುಕೊಂಡ. ಯಾಕೋ ಬಿಗಿಯಾಯಿತು. "ತಣ್ಣೀರಲ್ಲಿ ಕುಗ್ಗಿರುತ್ತೆ ಬಿಡು," ಎಂದು ಅಗೊಸ್ತಿನೋ ತೀರ್ಪು ಕೊಟ್ಟು ಗಿರಾಕಿಯ ಉಳಿದರ್ಧ ಗಡ್ಡಕ್ಕೆ ಹೋದ.

ಹೋಟೆಲಿನಲ್ಲಿ ನೋಟರಿ ದಾಮಿಯಾನೋ ಟೈ ಕಟ್ಟಿ, ತುಟಿಯನ್ನು ಅಂಟಿಸಿದ ಲಕೋಟೆಯ ಹಾಗೆ ಬಿಗಿದು ಕೂತಿದ್ದರು. ಎಲ್ಲದಕ್ಕೂ ಬರೀ ತಲೆಯಾಡಿಸುವುದು. "ಎಂಥ ಗಂಭೀರ ಮನುಷ್ಯ! ನೋಡಿ ಕಲೀರಿ," ಎಂದು ಲೊರೆದಾನಾ ಗಂಡನ ತೊಡೆ ಚಿವುಟಿದಳು. ಎವಾರಿಸ್ತೋನ ಮುಂದೆ ಹೊಗೆಯಾಡುವ ಪಕ್ಕೆಲುಬು ಬಂತು, ನೋಟರಿಗಳ ಮುಂದೆ ಸೂಪು ಬಂತು. ಹೆಣ್ಣಿನ ತಂದೆ ಎರಡು ಮಾತಾಡದೆ ಊಟ ಶುರುವಾಗುವಂತಿಲ್ಲ. ಎವಾರಿಸ್ತೋ ವೈನಿನ ಲೋಟ ಎತ್ತಿ, ಎದ್ದು ನಿಂತು, ಬಾಯ್ತುಂಬ ನಕ್ಕ.

"ಬೀಗರೇ..."

ನೋಟರಿಗಳ ಚಮಚ ಸೂಪಿಗೆ ಬಿತ್ತು. ಅವರು ಛಂಗನೆ ಎದ್ದು, ಬೆರಳು ತೋರಿಸಿ, ಬಾಯಿ ತೆರೆದರು. ಒಳಗೆ ಒಂದು ಹಲ್ಲೂ ಇರಲಿಲ್ಲ.

"ಆ ಬಂಗಾರದ ಹಲ್ಲು ನಂದು! ಆ ಸೆಟ್ಟೇ ನಂದು!"

ಆಮೇಲೆ ಎಲ್ಲ ಹೊರಬಂತು. ಶನಿವಾರ ಸಂಜೆ ಕಾರಂಜಿ ನೋಡಲು ಹೋದ ನೋಟರಿಗಳು, ಯಾರೋ ನೀರಿಗೆ ಕಾಲಿಟ್ಟದ್ದು ಕಂಡು, ಘನತೆ ಮರೆತು, "ನಿಮ್ಮಪ್ಪನ ಬಚ್ಚಲೇನೋ!" ಎಂದು ಕೂಗಿದ್ದರಂತೆ. ಸಬೀನಾ ಬಿದ್ದು ಬಿದ್ದು ನಕ್ಕಳು. ಎವಾರಿಸ್ತೋನಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನಿಸಿತು. ಸೆಟ್ಟು ತೆಗೆದು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಒಪ್ಪಿಸಿದ.

ನೋಟರಿಗಳು ಅದನ್ನು ವೈನಿನಲ್ಲಿ ಜಾಲಿಸಿ ಹಾಕಿಕೊಂಡರು. "ನಮ್ಮಿಬ್ಬರ ಮನೆತನಾನೂ ಒಂದೇ ಬಿಡಿ. ಮದುವೆ ದಿನ ಗೊತ್ತು ಮಾಡೋಣ," ಎಂದರು. "ಹೊಟ್ಟೇನೂ ಈಗ ಸರಿಹೋಯ್ತು." ಹಾಗೆನ್ನುತ್ತಾ ಪಕ್ಕೆಲುಬಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಲೊರೆದಾನಾ ಸೂಪಿನ ಬಟ್ಟಲನ್ನು ಗಂಡನ ಮುಂದೆ ಸರಿಸಿದಳು. ಅವನ ಹಲ್ಲು ಇನ್ನೂ ಕಾರಂಜಿಯ ತಳದಲ್ಲೇ ಎಲ್ಲೋ ಇತ್ತು. ಎವಾರಿಸ್ತೋ ಚಮಚ ಎತ್ತಿಕೊಂಡ. ಊಟ ಮುಗಿಯುವವರೆಗೂ, ಹೆಂಡತಿ ಬೆಳಿಗ್ಗೆ ಬೇಡಿಕೊಂಡ ಹಾಗೆಯೇ, ಅವನು ಬಾಯಿ ಬಿಡಲಿಲ್ಲ.