ಯಾರೂ ನೋಡಿರದ ಬಾಲ್ಯದ ಇತ್ಯರ್ಥ

ಐವತ್ತೆರಡು ವರ್ಷ ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಹೆಂಗಸೊಬ್ಬಳನ್ನು ಪ್ರಾಪ್ತವಯಸ್ಕಳೆಂದು ಪರಿಗಣಿಸಲು ಬರುವುದಿಲ್ಲ. ಈ ನಿಯಮವನ್ನು ಪ್ರಶ್ನಿಸಲು ಹೊರಟ ನಾನು ಹುಟ್ಟಿದ ಊರಿನಲ್ಲೇ ದಾರಿ ತಪ್ಪಿ, ಮೀನು ಮಾರುಕಟ್ಟೆಯ ಹಿಂಬದಿಗೆ ಮತ್ತೆ ಬಂದು ನಿಂತಿದ್ದೆ. ಕೊನೆಗೆ ಜೆರಾಕ್ಸ್ ಅಂಗಡಿಯವನನ್ನು ಕೇಳಿದೆ.

"ಬಾಲ್ಯ ಮೇಲ್ವಿಚಾರಣಾ ಕಚೇರಿ ಎಲ್ಲಿ ಬರುತ್ತಪ್ಪಾ?"

"ಹಿಂದಿನ ಗಲ್ಲಿ, ಮೂರನೇ ಮಹಡಿ. ಮೆಟ್ಟಿಲಿಗೆ ಕಂಬಿ ಇಲ್ಲ, ಗೋಡೆ ಹಿಡ್ಕೊಂಡು ಹತ್ತಿ. ಅಂದಹಾಗೆ, ಮಾವ ಇದಾರಾ ನಿಮಗೆ?"

"ಯಾವ ಮಾವ?"

"ಚಿಕ್ಕವರಿದ್ದಾಗ ನೀವು ಆಡೋದನ್ನ ನೋಡ್ಕೊಂಡಿದ್ದ ಮಾವ. ಇಲ್ದಿದ್ರೆ ನಾನು ಕೊಡಿಸ್ತೀನಿ. ಸೋದರಮಾವನೇ ಬೇಕಂದ್ರೆ ರೇಟು ಸ್ವಲ್ಪ ಜಾಸ್ತಿ."

ಅಂಗಡಿಯ ಬೆಂಚಿನ ಮೇಲೆ ಇಸ್ತ್ರಿ ಅಂಗಿ ತೊಟ್ಟ ಹಿರಿಯರೊಬ್ಬರು ಬಾಳೆಹಣ್ಣು ಸುಲಿಯುತ್ತಿದ್ದರು. ಊರಿನ ಅರ್ಧಕ್ಕರ್ಧ ಮಂದಿ ಮರ ಹತ್ತುವಾಗ, ಕೆರೆಗೆ ಹಾರುವಾಗ ಪಕ್ಕದಲ್ಲಿ ನಿಂತು ಕಣ್ಣಿಟ್ಟವರು ಇವರೇ ಎಂದು ಸರ್ಕಾರಿ ದಾಖಲೆ ಹೇಳುತ್ತದೆ. ಒಬ್ಬರೇ ಅಷ್ಟೊಂದು ಮರಗಳ ಕೆಳಗೆ ಹೇಗೆ ನಿಂತರೆಂದು ಕಚೇರಿ ಕೇಳಿಲ್ಲ. ಕೇಳಲು ಕಾಲಂ ಇಲ್ಲ.

"ಎಲ್ಲಿಂದ ಬಿದ್ದಿದ್ದೆ ಮಗಳೇ?" ಎಂದು ಅವರು ಅಕ್ಕರೆಯಿಂದ ವಿಚಾರಿಸಿದರು.

ಮಾವ ಬೇಡವೆಂದೆ. ಸುಳ್ಳು ಹೇಳಲು ನನಗೆ ಸಂಕೋಚವೇನಿಲ್ಲ. ಹಲವು ದೇಶಗಳ ಗಡಿಯಲ್ಲಿ ಸಲೀಸಾಗಿ ಹೇಳಿದ್ದೇನೆ. ಆದರೆ ಈ ಸಲ ತಡವಾಗಿತ್ತು. ಪಾಸ್‌ಪೋರ್ಟ್ ನವೀಕರಿಸುವಾಗ, "ಆಡುವ ವಯಸ್ಸಿನಲ್ಲಿ ನಿಮ್ಮ ಮೇಲೆ ನಿಗಾ ಇಟ್ಟವರು ಯಾರು?" ಎಂದು ಕೇಳಿದ್ದಕ್ಕೆ "ಯಾರೂ ಇಲ್ಲ" ಎಂದು ನಿಜವನ್ನೇ ಬರೆದುಬಿಟ್ಟಿದ್ದೆ. ಸಿಕ್ಕಿದ ಪಾಸ್‌ಪೋರ್ಟಿನ ಮೇಲೆ ಮುದ್ರೆ ಬಿದ್ದಿತ್ತು: ಅಪ್ರಾಪ್ತೆ. ಪೋಷಕರಿಲ್ಲದೆ ಊರು ದಾಟತಕ್ಕದ್ದಲ್ಲ.

ಪ್ರವಾಸಿಗರ ಗುಂಪುಗಳನ್ನು ದೇಶದಿಂದ ದೇಶಕ್ಕೆ ಕರೆದೊಯ್ಯುವುದು ನನ್ನ ಕಸುಬು. ಸೋಮವಾರ ಹೊರಡಬೇಕಿದ್ದ ಗುಂಪಿನವರೆಲ್ಲ ನಿವೃತ್ತರು. ಪೋಷಕರಿಲ್ಲದ ಹುಡುಗಿಯ ಹಿಂದೆ ಹೋಗಬೇಡಿ ಎಂದು ಅವರ ಮಕ್ಕಳು ಅಡ್ಡಗಾಲು ಹಾಕುತ್ತಿದ್ದರು. ಅಷ್ಟರೊಳಗೆ ಮುದ್ರೆ ಹೋಗದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಮೂರನೇ ಮಹಡಿಯಲ್ಲಿದ್ದ ವಿಚಾರಣಾಧಿಕಾರಿ ಸಭ್ಯಸ್ಥರು. ಗಲ್ಲದ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು.

"ಆಟದ ಸ್ವರೂಪ?"

"ಲಾರಿ ಟೈರಿನೊಳಗೆ ಮುದುರಿಕೊಂಡು ಕೂತ್ಕೊಳ್ತಿದ್ದೆ ಸರ್. ಕಲ್ಲು ಕ್ವಾರಿ ದಿಬ್ಬದ ಮೇಲಿಂದ ಅಕ್ಕ ತಳ್ಳೋಳು."

"ಬ್ರೇಕು?"

"ಕೆಳಗಡೆ ಮುಳ್ಳಿನ ಪೊದೆ ಇತ್ತು."

"ಬ್ರೇಕು: ಸಸ್ಯಜನ್ಯ," ಎಂದು ಬರೆದುಕೊಂಡರು. "ಇನ್ನೇನಾದರೂ?"

"ರೈಲು ಹಳಿ ಮೇಲೆ ಮೊಳೆ ಇಟ್ಟು ಚಾಕು ಮಾಡ್ತಿದ್ವಿ."

"ಕಿರು ಕೈಗಾರಿಕೆ." ಪೆನ್ನು ನಿಂತಿತು. "ಮೊಳೆ ಎಷ್ಟುದ್ದ ಇರ್ತಿತ್ತು?"

ನಾನು ಬೆರಳಿನಲ್ಲಿ ತೋರಿಸಿದೆ.

"ಅಷ್ಟೇನಾ? ನಮ್ದು ಇನ್ನೂ ಉದ್ದ ಇರ್ತಿತ್ತು," ಎಂದವರು ತಕ್ಷಣ ಕೆಮ್ಮಿ, "ಮಾವನವರ ಸಮ್ಮುಖದಲ್ಲಿ," ಎಂದು ಸೇರಿಸಿದರು.

ನಿಯಮದಲ್ಲಿ ಎರಡು ದಾರಿಗಳಿದ್ದವು. ಒಂದೋ ನಿಗಾ ಇಟ್ಟವರನ್ನು ಹಾಜರುಪಡಿಸಬೇಕು, ಇಲ್ಲವೇ ಎಲ್ಲ ಆಟಗಳನ್ನೂ ಅಧಿಕಾರಿಯ ಕಣ್ಣೆದುರು ಮತ್ತೊಮ್ಮೆ ಆಡಬೇಕು.

"ಟೈರು ನೀವೇ ತರಬೇಕಾಗುತ್ತೆ," ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಲಾರಿಯದ್ದು ಸಾಲದೇನೋ. ಟ್ರ್ಯಾಕ್ಟರಿಂದೇ ತನ್ನಿ."

ಮರುದಿನ ನಾನು ಟೈರಿನ ಬದಲು ಅಮ್ಮನನ್ನು ಕರೆದೊಯ್ದೆ. ಜೊತೆಗೆ ಅಕ್ಕನೂ ಬಂದಳು. ಅಮ್ಮ ಬೇಕರಿಯ ಒಲೆಯ ಮುಂದೆ ನಿಂತು ನಮ್ಮಿಬ್ಬರನ್ನು ಬೆಳೆಸಿದವಳು. ಕಂಬಿಯಿಲ್ಲದ ಮೆಟ್ಟಿಲನ್ನು ಅವಳೇ ಎಲ್ಲರಿಗಿಂತ ಮೊದಲು ಹತ್ತಿದಳು.

"ತಾವು ಮಕ್ಕಳ ಮೇಲೆ ನಿಗಾ ಇಟ್ಟಿದ್ದಿರಾ, ತಾಯಿ?"

"ನಿಗಾ ಇಡ್ತಾ ಕೂತಿದ್ರೆ ಬ್ರೆಡ್ಡು ಸೀದು ಹೋಗ್ತಿತ್ತಪ್ಪಾ. ಸಂಜೆ ಬಂದು, ತಟ್ಟೆ ಮುಂದೆ ಕೂರಿಸಿ ತಲೆ ಎಣಿಸ್ತಿದ್ದೆ. ಒಂದೊಂದು ತಲೆ ಮೇಲೂ ಬೆರಳಿಟ್ಟು."

"ಲೆಕ್ಕ ಸರಿ ಬರ್ತಿತ್ತಾ?"

"ಜಾಸ್ತಿನೇ ಬರ್ತಿತ್ತು. ಯಾರ ಮಕ್ಕಳೋ ಏನೋ, ಅವಕ್ಕೂ ಬಡಿಸ್ತಿದ್ದೆ."

"ಗಾಯಗಳು?"

"ತಲೆ ಎಣಿಸ್ತಿದ್ದೆ ಅಂದೆನಲ್ಲಾ. ಮೊಣಕಾಲು ಯಾರು ಎಣಿಸ್ತಾರೆ?"

ಅಧಿಕಾರಿ ನಿಯಮಾವಳಿ ತಿರುವಿದರು. ಇದು "ಸಾಮೂಹಿಕ ಸಂಧ್ಯಾಕಾಲೀನ ಮೇಲ್ವಿಚಾರಣೆ" ಎಂಬ ಕಲಮಿನಡಿ ಬರುತ್ತಿತ್ತು, ಸಂಪೂರ್ಣ ಸಿಂಧು. ಅವರು ರದ್ದತಿಯ ಮುದ್ರೆ ಎತ್ತಿದರು. ನಾನು ಉಸಿರು ಬಿಟ್ಟೆ.

"ಸ್ವಲ್ಪ ತಡಿಯಪ್ಪಾ," ಎಂದಳು ಅಮ್ಮ. "ಎಣಿಕೆ ಇನ್ನೂ ಮುಗಿದಿಲ್ಲ."

"ಹಾಗೆಂದರೆ?"

"ಇವಳು ದೇಶ ಸುತ್ತೋಕೆ ಹೊರಟಾಗಿಂದ ಒಂದು ತಲೆ ಕಮ್ಮಿ ಬರ್ತಿದೆ. ದಿನಾ ಎಣಿಸ್ತೀನಿ. ದಿನಾ ಕಮ್ಮಿ."

"ಅಮ್ಮಾ, ಇದೇನು ಈಗ? ಸುಮ್ನಿರು!"

"ಅವಳ್ಯಾಕೆ ಸುಮ್ನಿರ್ಬೇಕು?" ಎಂದಳು ಅಕ್ಕ. "ನಿಜ ಸರ್. ನನ್ನ ತಲೆ ಮೇಲೆ ಬೆರಳಿಟ್ಟು ಒಂದು ಅಂತಾಳೆ. ಆಮೇಲೆ ಬೆರಳು ಹಾಗೇ ಗಾಳೀಲಿ ನಿಂತಿರುತ್ತೆ. ಊಟ ಶುರು ಮಾಡೋ ಹಾಗಿಲ್ಲ, ಬಿಡೋ ಹಾಗಿಲ್ಲ."

ಅಧಿಕಾರಿ ಮುದ್ರೆಯನ್ನು ಕೆಳಗಿಟ್ಟು ಗುಮಾಸ್ತನಿಂದ ಆದೇಶ ಬರೆಸಿದರು. ಅರ್ಜಿದಾರಳು ತಾಯಿಯ ಎಣಿಕೆಗೆ ಅಸಂಖ್ಯ ಸಂಜೆಗಳನ್ನು ಬಾಕಿ ಉಳಿಸಿಕೊಂಡಿರುವುದು ಕಂಡುಬಂದಿದ್ದು, ಸದರಿ ಬಾಕಿ ತೀರುವವರೆಗೆ ಆಕೆಯ ಬಾಲ್ಯವು ಚಾಲ್ತಿಯಲ್ಲಿರತಕ್ಕದ್ದು.

"ಕಂತಿನಲ್ಲಿ ತೀರಿಸ್ಲಾ ಸರ್? ಸೋಮವಾರ ಹೊರಡ್ಬೇಕು."

"ಕಂತು ಇಲ್ಲ. ಒಂದೇ ಸಲಕ್ಕೆ ತೀರಿಸಬಹುದು. ತಲೆಯೂ ಬೆರಳೂ ಖುದ್ದು ಹಾಜರಿರಬೇಕು, ಅಷ್ಟೆ."

ಅಂದು ಸಂಜೆ ಅಧಿಕಾರಿ, ಗುಮಾಸ್ತ ಮತ್ತು ಮುದ್ರೆ ಅಮ್ಮನ ಮನೆಗೆ ಬಂದರು. ನಾನು ತಟ್ಟೆಯ ಮುಂದೆ ಕೂತೆ. ಅಮ್ಮ ಹಿಂದೆ ಸ್ಟೂಲು ಹಾಕಿಕೊಂಡು ನನ್ನ ನೆತ್ತಿಯ ಮೇಲೆ ಬೆರಳಿಟ್ಟಳು. ಗುಮಾಸ್ತ ಒಂದು ಗೆರೆ ಎಳೆದ. ಬೆರಳು ಎತ್ತಿ ಮತ್ತೆ ಇಟ್ಟಳು. ಇನ್ನೊಂದು ಗೆರೆ.

ಅವಳಿಗೆ ಅವಸರವೇನೂ ಇರಲಿಲ್ಲ. ಒಂದೊಂದು ಕಡೆ ಬೆರಳು ನಿಲ್ಲುತ್ತಿತ್ತು. "ಇದು ಯಾವ್ದೋ ದೇಶದಲ್ಲಿ ಜ್ವರ ಬಂದು ಮಲಗಿದೀನಿ ಅಂದ್ಯಲ್ಲಾ, ಅವತ್ತಿಂದು." ಮತ್ತೊಂದು. "ಇದು ಫೋನು ಮಾಡ್ತೀನಿ ಅಂದು ಮಾಡ್ದೇ ಇದ್ದ ದಿನದ್ದು."

"ಅದನ್ನ ಬೇರೆ ಕಾಲಂನಲ್ಲಿ ಹಾಕು," ಎಂದರು ಅಧಿಕಾರಿ ಗುಮಾಸ್ತನಿಗೆ.

"ಅನ್ನ ಆರ್ತಿದೆ," ಎಂದಳು ಅಕ್ಕ.

"ಮಧ್ಯೆ ನಿಲ್ಲಿಸಿದರೆ ಮೊದಲಿಂದ ಶುರು ಮಾಡಬೇಕಾಗುತ್ತೆ," ಎಂದರು ಅಧಿಕಾರಿ.

ಅಕ್ಕ ತಟ್ಟೆಗಳನ್ನು ಮುಚ್ಚಿಟ್ಟಳು. ಪ್ರವಾಸಿ ಗುಂಪಿನಿಂದ ನನಗೆ ಬಂದ ಫೋನನ್ನು ಅವಳೇ ಎತ್ತಿಕೊಂಡಳು. "ಅಮ್ಮ ಎಣಿಸ್ತಿದಾಳೆ, ಆಮೇಲೆ ಮಾಡಿ," ಎಂದಳು. ಆ ಕಡೆಯವರು, ಓ ಹಾಗಾ, ನಿಧಾನಕ್ಕೆ ಆಗಲಿ, ನಾವು ಕಾಯುತ್ತೇವೆ ಎಂದರಂತೆ. ಸ್ವಲ್ಪ ಹೊತ್ತಿಗೆ ಅಧಿಕಾರಿ ಸದ್ದಿಲ್ಲದೆ ಬಂದು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕ ಅವರಿಗೂ ಒಂದು ತಟ್ಟೆ ಇಟ್ಟಳು.

ನನ್ನ ಕತ್ತು ನೋಯುತ್ತಿತ್ತು. ಅಮ್ಮನ ತೋಳು ನಡುಗಲು ಶುರುವಾಗಿತ್ತು, ಆದರೆ ಎಣಿಕೆ ತಪ್ಪಿರಲಿಲ್ಲ. ಬೆರಳು ಹೆಚ್ಚು ದೂರ ಬರಬೇಕಾಗದಿರಲಿ ಎಂದು ನಾನು ಒಂದಿಷ್ಟು ಹಿಂದೆ ಸರಿದು ತಲೆ ಎತ್ತಿಕೊಟ್ಟೆ.