ಜೇನು ಬಾರದ ಪೆಟಗಿ

ನಮ್ಮ ಮನ್ಯಾಗ ಒಂದು ಕೆಲಸ ಸರಳ ಮುಗಿದದ್ದು ನಾ ಇನ್ನೂ ನೋಡಿಲ್ಲ. ಗ್ಯಾಸಿನ ಟಾಕಿ ಬದಲಿಸಾಕ ಹೋದ್ರೂ ಅದೊಂದು ಪ್ರಸಂಗ ಆಗ್ತೈತಿ, ಓಣಿ ಮಂದಿ ನಾಕ್ ದಿನ ನಗ್ತಾರ. ಹಂತಾದ್ರಾಗ ನಾವು ಜೇನಪೆಟಗಿ ಕೂಡಸಾಕ ಕುಂತ್ರ ಸುಮ್ನ ಆಗ್ತೈತೇನ್ರಿ?

ಮೊದಲು ಪೆಟಗಿ ಯಾಕ ಬೇಕಾತು ಅನ್ನೂದು ಹೇಳ್ತೀನಿ. ನನ್ನ ತವರು ಬಬಲೇಶ್ವರ. ನಮ್ಮಪ್ಪನ ಮಣ್ಣಿನ ಮನಿ, ಪಡಸಾಲಿ ಗ್ವಾಡ್ಯಾಗ ಒಂದು ತೂತು, ತೂತಿನೊಳಗ ಜೇನು. ಯಾರೂ ತಂದು ಇಟ್ಟದ್ದಲ್ಲ, ತಾವಾಗೇ ಬಂದಿದ್ವು. ಬ್ಯಾಸಗಿ ಮಧ್ಯಾಹ್ನ ನಾನೂ ನಮ್ಮಪ್ಪನೂ ಚಾಪಿ ಹಾಸಿ, ಆ ಗ್ವಾಡಿಗೆ ಕಿವಿ ಹಚ್ಚಿ ಅಡ್ಡಾಗ್ತಿದ್ವಿ. ಒಳಗ ಗುಂಯ್ ಅಂತ ಒಂದೇ ಸವನ ಆವಾಜ್. ನಮ್ಮಪ್ಪ ಅಂತಿದ್ದ, "ನಿಮ್ಮವ್ವನಕಿಂತ ಇವೇ ಪಾಡು ನೋಡು. ದಿನಾ ಬೈತಾವು, ಒಂದು ಮಾತೂ ತಿಳಿಯಂಗಿಲ್ಲ." ಹಂಗ ನಕ್ಕೊಂತ ಇಬ್ರಿಗೂ ನಿದ್ದಿ ಹತ್ತತಿತ್ತು.

ಅಪ್ಪ ಹೋದ. ಆಮ್ಯಾಲ ನನ್ನ ತಮ್ಮ ಆ ಮನಿ ಕೆಡವಿ ಆರ್‌ಸಿಸಿ ಮನಿ ಕಟ್ಟಿದ. ಅವಂದು ತಪ್ಪಲ್ಲ, ಮಾಳಗಿ ಸೋರ್ತಿತ್ತು, ಅವನಿಗೂ ಹೆಂಡ್ರು ಮಕ್ಕಳು ಅದಾರ. ಆದ್ರ ಗೃಹಪ್ರವೇಶಕ್ಕ ಹೋದಾಗ ಆ ಟೈಲ್ಸ್ ಹಾಕಿದ ಗ್ವಾಡಿ ಮುಂದ ಕುಂದ್ರಾಕ ನನ್ನ ಕಡಿಂದ ಆಗ್ಲಿಲ್ಲ. ಹೋಳಗಿ ಊಟ ಮಾಡಿ, ಉಡಿ ತುಂಬಿಸಿಕೊಂಡು ಅವತ್ತ ಬಸ್ ಹತ್ತಿ ವಿಜಯಪುರಕ್ಕ ಬಂದೆ. ಮೂರು ವರ್ಷ ಆತು, ತವರಾಗ ಒಂದು ರಾತ್ರಿ ವಸ್ತಿ ಮಾಡಿಲ್ಲ. ಆ ಗುಂಯ್ ಅನ್ನೂದನ್ನ ಇನ್ನೊಮ್ಮೆ ಕೇಳ್ಬೇಕು ಅನ್ನೂದೊಂದು ಆಸೆ ಎದ್ಯಾಗ ಕುಂತು ಬಿಟ್ಟಿತ್ತು. ಒಂದಿನ ಬಾಯಿ ತಪ್ಪಿ ನಮ್ಮ ಮನಿಯವ್ರ ಮುಂದ ಅಂದೆ. ಅವ್ರು ಎಂಟ ದಿನದಾಗ ಮೊಬೈಲ್‌ನ್ಯಾಗ ಆರ್ಡರ್ ಹಾಕಿ ಪೆಟಗಿ ತರಿಸೇ ಬಿಟ್ರು.

೧. ಉಳಿದ ಸ್ಕ್ರೂ

ಪೆಟಗಿ ಅಂದ್ರ ಪೆಟಗಿ ಅಲ್ರಿ, ಪೆಟಗಿಯ ಸಾಮಾನು. ರಟ್ಟಿನ ಡಬ್ಬಿ ಒಡದ್ರ ಒಳಗ ಬರೇ ಹಲಿಗಿ, ಎಂಟು ಕಟಗಿ ಚೌಕಟ್ಟು, ಒಂದು ಚೀಲ ಸ್ಕ್ರೂ, ಮತ್ತ ಹೆಂಗ ಕೂಡಸ್ಬೇಕು ಅಂತ ಚಿತ್ರ ಬಿಡಿಸಿದ ಒಂದು ಚೀಟಿ.

ನಮ್ಮವ್ರದ್ದು ಸೊಲ್ಲಾಪುರ ರಸ್ತೆದಾಗ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಚೀಟಿ ನನ್ನ ಕೈಯಾಗ ಕೊಟ್ಟು, "ಇದನ್ನ ಭಜಿ ಕರದಾಗ ಎಣ್ಣಿ ಹೀರಾಕ ಹಾಕು" ಅಂದ್ರು.

"ಒಮ್ಮೆ ಓದರ ಓದ್ರಿ."

"ಮೂವತ್ತು ವರ್ಷ ಮೋಟಾರ್ ಬಿಚ್ಚಿ ಕೂಡಿಸೀನಿ, ನಾಕ್ ಹಲಿಗಿ ಕೂಡಸಾಕ ಚೀಟಿ ಓದ್ಬೇಕೇನ?"

ಮುಂಜಾನಿ ಕುಂತವ್ರು ಮಧ್ಯಾಹ್ನ ಎದ್ರು. ಪೆಟಗಿ ನಿಂತಿತ್ತು, ಚಂದ ಇತ್ತು, ಸುಳ್ಳ ಯಾಕ ಹೇಳ್ಲಿ. ಕೆಳಗ ನೋಡಿದ್ರ ಏಳು ಸ್ಕ್ರೂ ಬಿದ್ದಿದ್ವು.

"ಇವು ಉಳದಾವಲ್ರಿ?"

"ಉಳೀಬೇಕು. ಸ್ಕ್ರೂ ಉಳೀಲಿಲ್ಲಂದ್ರ ಮಿಸ್ತ್ರಿಗೆ ಕೆಲಸ ಬರಂಗಿಲ್ಲಂತ ತಿಳಿ."

ನಾ ಪೆಟಗಿ ಸುತ್ತ ಒಂದು ಸುತ್ತು ಹಾಕಿದೆ. ನಾಕೂ ಮಗ್ಗಲ ನುಣ್ಣಗ. "ಎಲ್ಲಾ ಪಾಡ ಆಗೇತ್ರಿ. ಆದ್ರ ಹುಳಾ ಒಳಗ ಹೆಂಗ ಹೋಗ್ತಾವು?"

ಅವ್ರೂ ಒಂದು ಸುತ್ತು ಹಾಕಿದ್ರು. ಕೂತು ನೋಡಿದ್ರು, ಬಗ್ಗಿ ನೋಡಿದ್ರು. ತಳದ ಹಲಿಗಿ ತಲಿಕೆಳಗ ಬಡದಿದ್ರು, ಜೇನಿನ ಬಾಗಲಾ ಅದರ ಕೆಳಗ ಮುಚ್ಚಿ ಹೋಗಿತ್ತು. ತಪ್ಪು ಒಪ್ಪಿಕೊಳ್ಳೂ ಪೈಕಿ ಅಲ್ಲ ಅವ್ರು. "ಮ್ಯಾಲ ಮುಚ್ಚಳ ಐತಲ್ಲ," ಅಂದ್ರು, "ಬಂದಾಗ ಒದರ್ಲಿ, ನಾವು ತಗಿಯೂಣು."

೨. ಒಂದೂವರಿ ಫೂಟಿನ ಮನಿ

ಮರುದಿನ ತಳ ಬಿಚ್ಚಿ ಸರಿ ಮಾಡಿದ್ರು. ನಮ್ಮ ಊರ ಬಿಸಲಿಗೆ ಹಲಿಗಿ ಸೀಳಬಾರ್ದು, ಹೊರಗೊಂದೀಟು ಬಣ್ಣ ಹಚ್ಚೂಣು ಅಂತ ಆತು. ಬಣ್ಣ ತರಾಕ ಗಾಂಧಿ ಚೌಕಕ್ಕ ನಾನೇ ಹೋದೆ. ಅಂಗಡಿ ತುಂಬ ಗಿರಾಕಿ. ಅಂಗಡಿಯಾಂವ ಕ್ಯಾಲ್ಕುಲೇಟರ್ ಹಿಡಕೊಂಡೇ ಕೇಳಿದ, "ಏನ್ ಕೊಡ್ಲಿ ಅಕ್ಕಾರ?"

"ಹೊಸಾ ಮನಿಗೆ ಹೊರಗಿನ ಬಣ್ಣ ಕೊಡಪ್ಪಾ."

"ಮನಿ ಎಷ್ಟ ದೊಡ್ಡದ್ರಿ?"

"ಒಂದೂವರಿ ಫೂಟ ಉದ್ದ, ಒಂದು ಫೂಟ ಅಗಲ."

ಅಂವ ಕ್ಯಾಲ್ಕುಲೇಟರ್ ಕೆಳಗಿಟ್ಟ. "ಯಾರ ಇರ್ತಾರ್ರಿ ಅದರಾಗ?"

"ಸದ್ಯ ಯಾರೂ ಇಲ್ಲ. ನನ್ನ ದೈವ ಚಲೋ ಇತ್ತಂದ್ರ ಒಂದು ಹತ್ತು ಸಾವಿರ ಬರ್ತಾವು. ಅದರಾಗ ಒಬ್ಬಾಕಿ ರಾಣಿ."

ನನ್ನ ತಲ್ಯಾಗ ಬರೇ ಜೇನಾ ತುಂಬಿತ್ತು, ಅದರ ಹೆಸರು ಹೇಳೂದ ಮರತಿದ್ದೆ. ಬಾಜೂಕ ನಿಂತ ಗಿರಾಕಿಗಳು ಒಂದೊಂದು ಹೆಜ್ಜಿ ಹಿಂದ ಸರದ್ರು. ಅಂಗಡಿಯಾಂವ ಎಲ್ಲಾಕಿಂತ ಸಣ್ಣ ಡಬ್ಬಿ ಹುಡುಕಿ ನನ್ನ ಕೈಯಾಗ ಇಟ್ಟು ಮೆತ್ತಗ ಕೇಳಿದ, "ಅಕ್ಕಾರ, ನಿಮ್ಮ ಕೂಡ ಮನಿಯಿಂದ ಯಾರರ ಬಂದಾರೇನ್ರಿ?"

೩. ಲೋಬಾನ

ಪೆಟಗಿ ಮಾಳಗಿ ಮ್ಯಾಲ ಇಟ್ವಿ. ಮಗ್ಗಲ ಮನಿ ಕಾಕು ಬಂದು ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತ್ಲು. "ಅಯ್ಯ, ಹೊಸಾ ಮನಿ ಕಟ್ಟಿ ಪೂಜಾ ಇಲ್ದ ಬಿಟ್ಟೀಯೇನ ಬೇ? ರಾಣಿ ಬರಾಕಿ ಅದಾಳಂತಿ. ಹೆಣ್ಮಗಳು ಕಾಲಿಡೂ ಮನಿ, ಅರಿಷಿಣ ಕುಂಕುಮ ಬ್ಯಾಡೇನ?"

ಅಕಿ ಹೇಳಿದ್ದು ನನಗೂ ಖರೆ ಅನಸ್ತು. ಅರಿಷಿಣ ಕುಂಕುಮ ಹಚ್ಚಿದ್ವಿ, ನಿಂಬಿಹಣ್ಣು ಕಟ್ಟಿದ್ವಿ. ಅಷ್ಟಕ್ಕ ಬಿಡ್ಲಿಲ್ಲ. ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ, ಪೆಟಗಿ ಬಾಗಲಕ್ಕ ಹಿಡದು ಲೋಬಾನದ ಹೊಗಿ ಹಾಕಿದ್ವಿ. ಒಂದು ತಿಂಗಳು ತಪ್ಪಸಲಿಲ್ಲ. ಹೊಗಿ ಒಳಗ ಹೋಗಿ, ಚೌಕಟ್ಟು ತುಂಬಿ, ಮುಚ್ಚಳದ ಸಂದಿಂದ ಹೊರಗ ಬರ್ತಿತ್ತು. ಜೇನು ಮಾತ್ರ ಒಂದೂ ಬರ್ಲಿಲ್ಲ. ಏನ್ ತಪ್ಪಾತೋ, ಯಾವ ಪೂಜಾ ಬಾಕಿ ಉಳಿತೋ ಅಂತ ಜೀವ ಹಳಹಳಸ್ತಿತ್ತು.

ತಿಕೋಟಾದಾಗ ಒಬ್ಬಾಂವ ಅದಾನ, ದಾಳಿಂಬಿ ತ್ವಾಟಗಳಾಗ ಜೇನಪೆಟಗಿ ಇಡಾಂವ. ನಮ್ಮವ್ರ ಗಿರಾಕಿ. ಮೋಟಾರ್ ಒಯ್ಯಾಕ ಬಂದಾಂವ ಪೆಟಗಿ ನೋಡಾಕ ಮನಿಗೂ ಬಂದ. ಅಂವ ಮಾಳಗಿ ಹತ್ತೂದಕ್ಕೂ ನಾ ಲೋಬಾನ ಹಾಕೂದಕ್ಕೂ ಸರಿಹೋತು.

"ಇದೇನ್ ಮಾಡಾಕತ್ತೀರಿ ಯಕ್ಕಾ?"

"ಜೇನು ಬರ್ಲಿ ಅಂತ ಲೋಬಾನ ಹಾಕಾಕತ್ತೀನಪ್ಪಾ."

ಅಂವ ಹಣಿ ಬಡ್ಕೊಂಡ. "ಯಕ್ಕಾ, ಹೊಗಿ ಹಾಕಿ ನಾವು ಜೇನು ಎಬ್ಬಿಸಿ ಓಡಸ್ತೀವ್ರಿ. ನೀವು ಹೊಗಿ ಹಾಕಿ ಕರಿಯಾಕತ್ತೀರಿ!"

ಆಮ್ಯಾಲ ನನ್ನ ಮಾರಿ ನೋಡಿ ಕನಿಕರ ಬಂತು ಕಾಣಸ್ತೈತಿ. "ಹೋಗ್ಲಿ ಬಿಡ್ರಿ, ನನ್ನ ಕಡಿಂದ ಒಂದು ಪೆಟಗಿ ಹುಳಾ ತಂದು ಬಿಡ್ತೀನಿ" ಅಂದ. ನಾ ಒಲ್ಲೆ ಅಂದೆ. "ನಮ್ಮಪ್ಪ ಗ್ವಾಡಿಗೆ ಕೊಂಡು ತಂದಿರಲಿಲ್ಲ. ತಾವಾಗೇ ಬಂದ್ರ ಬರ್ಲಿ." ದಿಮಾಕಿಲೆ ಅಂದೆ ಖರೆ, ಒಂದು ತಿಂಗಳು ನಾನೇ ಓಡಿಸಿಬಿಟ್ನೆಲ್ಲ ಅಂತ ಕೈಯಾಗಿನ ಲೋಬಾನಕ್ಕ ನೀರು ಸುರುವಿದೆ. ಒಳಗ ಜೇನಮೇಣ ತಿಕ್ಕಿ ಸುಮ್ನ ಬಿಡ್ರಿ ಅಂತ ಹೇಳಿ ಅಂವ ಹೋದ.

ಕಾಕುಗ ಹೋಗಿ ಹೇಳಿದೆ. ಅಕಿ ಒಂದೀಟೂ ಅಳಕಲಿಲ್ಲ. "ಓಡೂವು ಓಡ್ಲಿ ಬಿಡ ಬೇ. ಹೊಗಿ ತಡಕೊಂಡು ಬಂದದ್ದ ನಮ್ಮ ಓಣ್ಯಾಗ ಬಾಳೇ ಮಾಡ್ತೈತಿ."

೪. ಐತವಾರದ ಗುಂಯ್

ಮೇಣ ತಿಕ್ಕಿದೆ, ಲೋಬಾನ ಬಿಟ್ಟೆ. ದಿನಾ ರೊಟ್ಟಿ ಬಡದು ಮುಗಿಸಿ, ಕೈ ತೊಳಕೊಂಡು ಮಾಳಗಿ ಹತ್ತಾಕಿ. ಪೆಟಗಿಗೆ ಕಿವಿ ಹಚ್ಚಾಕಿ. ಒಳಗ ಏನೂ ಇಲ್ಲ. ಸುಮ್ನ ಇಳಿದು ಬರಾಕಿ. ಪೇಪರ್ ಹಿಡಕೊಂಡು ಕುಂತಿರ್ತಿದ್ದ ನಮ್ಮವ್ರು ನನ್ನ ಮಾರಿ ನೋಡಿ ಮತ್ತ ಪೇಪರಿನ್ಯಾಗ ತಲಿ ಹಾಕ್ತಿದ್ರು.

ಒಂದು ಐತವಾರ ಊಟ ಆದ ಮ್ಯಾಲ ಅವ್ರ ಅಂದ್ರು, "ಒಂದೀಟು ಮ್ಯಾಲ ಹೋಗಿ ನೋಡಿ ಬಾ."

ಹೋದೆ. ನಾಕ್ ಮೆಟ್ಲ ಬಾಕಿ ಇದ್ದಾಗ ಕೇಳಸ್ತು, ಗುಂಯ್ ಅಂತ. ಓಡಿ ಹೋಗಿ ಬಿಸಿ ಫರಸಿ ಮ್ಯಾಲ ಕುಂತು ಕಿವಿ ಹಚ್ಚಿದೆ. ಅದ ಆವಾಜ್ರಿ, ಒಂದೇ ಸವನ. ಕಣ್ಣಾಗ ನೀರು ಸುರದ್ವು. "ಯಪ್ಪಾ, ಬಂದಾವು ನೋಡಪ್ಪಾ" ಅಂತ ಸತ್ತ ಅಪ್ಪನ ಕೂಡ ಮಾತಾಡಿದೆ.

ಅಷ್ಟರಾಗ ಗುಂಯ್ ನಿಂತು, ಪೆಟಗಿ ಒಳಗಿಂದ ಒಬ್ಬ ಗಂಡಸು ಒದರಿದ, "ಮಂಡಿ ನೋವೇ? ಇನ್ನು ಚಿಂತೆ ಬಿಡಿ!"

ಮುಚ್ಚಳ ತಗದ್ರ ಒಳಗ ನಮ್ಮವ್ರ ಮೊಬೈಲು. ತಿರುಗಿ ನೋಡಿದ್ರ ಅವ್ರು ಮೆಟ್ಲ ಮ್ಯಾಲ ನಿಂತಾರ. "ನಡುವ ಜಾಹೀರಾತು ಬರ್ತೈತಂತ ನನಗೇನ ಗೊತ್ತ?"

ಓಣಿಗೆಲ್ಲಾ ಕೇಳೂವಂಗ ಒದರಾಡಿದೆ. ನಮ್ಮಪ್ಪನ ನೆನಪಿನ ಕೂಡ ಚ್ಯಾಷ್ಟಿ ಮಾಡ್ತೀರಿ, ನಾಚಿಕಿ ಆಗಂಗಿಲ್ಲ ನಿಮಗ ಅಂತ ಬಾಯಿಗೆ ಬಂದಂಗ ಬೈದೆ. ಅವ್ರು ತಲಿ ಕೆಳಗ ಹಾಕಿ ಕೇಳಿಸಿಕೊಂಡು, "ಚ್ಯಾಷ್ಟಿ ಅಲ್ಲ. ದಿನಾ ನೀ ಇಳಿದು ಬರೂವಾಗ ನಿನ್ನ ಮಾರಿ ನೋಡಾಕ ಆಗ್ತಿರಲಿಲ್ಲ" ಅಂದ್ರು. ಹಂಗಂದ ಮ್ಯಾಲ ಏನ್ ಜಗಳ ಆಡ್ತೀರಿ? ಕಣ್ಣು ಒರಸ್ಕೊಂಡು ಮೊಬೈಲ್ ಅವ್ರ ಕೈಯಾಗ ಕೊಟ್ಟೆ.

ಎರಡು ಮೆಟ್ಲ ಇಳದ್ರು, ತಿರುಗಿ ನಿಂತ್ರು. "ಆದ್ರ ಆವಾಜ್ ಭಾರಿ ಬಂತಿಲ್ಲ? ಕಟಗಿ ಪೆಟಗಿ ನೋಡು!"

೫. ಕೆಟ್ಟ ಸ್ಪೀಕರ್

ಆಮ್ಯಾಲ ನಾ ಕಿವಿ ಹಚ್ಚೂದು ಬಿಟ್ಟೆ. ಪೆಟಗಿ ಮ್ಯಾಲ ಶಾವಗಿ ಒಣ ಹಾಕಾಕತ್ತೆ. ಇನ್ನ ಆ ಆವಾಜ್ ನನ್ನ ಹಣ್ಯಾಗ ಬರದಿಲ್ಲ ಅಂತ ತಿಳಕೊಂಡೆ.

ಒಂದಿನ ಬಬಲೇಶ್ವರದಿಂದ ತಮ್ಮ ಫೋನ್ ಮಾಡಿದ. "ಅಕ್ಕಾ, ಮಾಮಾನ್ನ ಕಳಸು. ಪಡಸಾಲ್ಯಾಗಿನ ದೊಡ್ಡ ಸ್ಪೀಕರ್ ಕೆಟ್ಟೈತಿ. ಬಸರಿ ಮಗಳ ಕುಬಸ ಐತೆಲ್ಲ, ಹಾಡು ಹಚ್ಚೂಣಂತ ಒರಸಾಕ ಹೋದ್ರ ಒಂದೇ ಸವನ ಗುಂಯ್ ಅನ್ನಾಕತ್ತೈತಿ."

"ಬಟನ್ ಬಂದ್ ಮಾಡ್ಲೇ."

"ಬಂದ್ ಮಾಡೀನಿ. ವಾಯರೂ ಕಿತ್ತೀನಿ. ಆದ್ರೂ ಗುಂಯ್ ಅಂತೈತಿ."

ನನಗ ಸಿಟ್ಟು ನೆತ್ತಿಗೇರಿತು. "ನೀನೂ ಚ್ಯಾಷ್ಟಿ ಮಾಡಾಕತ್ತೀಯೇನ್ಲೇ? ಮಶಿನ್‌ನ್ಯಾಗಿನ ಗುಂಯ್ ಕೇಳಿ ನಾ ಒಮ್ಮೆ ಅತ್ತೀನಿ, ಅಷ್ಟ ಸಾಕು!" ಅಂತ ಫೋನ್ ಕಟ್ ಮಾಡಿದೆ. ತಮ್ಮ ಒದರಿದ್ದು ಊಟಕ್ಕ ಕುಂತಿದ್ದ ನಮ್ಮವ್ರಿಗೂ ಕೇಳಿಸಿತ್ತು, ಅವ್ರು ಕೈಯಾಗಿನ ತುತ್ತು ತಾಟಿನ್ಯಾಗ ಇಟ್ಟು ಎದ್ರು. "ವಾಯರ್ ಕಿತ್ತ ಮ್ಯಾಲೂ ಒದರೂ ಮಶಿನ್ ಮೂವತ್ತು ವರ್ಷದಾಗ ನಾ ನೋಡಿಲ್ಲ. ನಡಿ, ನೀನೂ ಬಾ."

ಆ ಸ್ಪೀಕರ್ ಗೃಹಪ್ರವೇಶಕ್ಕ ತಂದದ್ದು, ಸೊಂಟದಷ್ಟು ಎತ್ತರ, ಕಟಗಿದು. ಆವಾಜ್ ಹೊರಗ ಬರ್ಲಿ ಅಂತ ಹಿಂದ ಮುಷ್ಟಿಯಷ್ಟು ತೂತು. ಎರಡು ದಿನ ಬಡಕೊಂಡು, ಆಮ್ಯಾಲ ಕಿಡಕಿ ಮಗ್ಗಲಕ ಸುಮ್ನ ನಿಂತಿತ್ತು. ನಮ್ಮವ್ರು ಸ್ಕ್ರೂ ಡ್ರೈವರ್ ಹಿಡದು ಹಿಂದ ಹೋಗಿ, ತೂತಿಗೆ ಮಾರಿ ಹಚ್ಚಿ ಇಣುಕಿದ್ರು. ಮರುಕ್ಷಣ ಮೂಗು ಹಿಡಕೊಂಡು ಹಾರಿ ಬಿದ್ರು. "ವಾಯರ್ ಕಿತ್ತೀನಿ ಅಂದ್ಯೆಲ್ಲೋ! ಕರೆಂಟ್ ಐತಲೇ ಇದರಾಗ!"

ಅವ್ರ ಹಿಂದ ಒಂದು ಹುಳಾ ತೂತಿನಿಂದ ಹೊರಗ ಬಂತು. ಇನ್ನೊಂದು ಬಂತು. ಮತ್ತೆರಡು ಕಿಡಕ್ಯಾಗಿಂದ ಬಂದು ಒಳಗ ಹೋದ್ವು.

ನಾ ಅಲ್ಲೇ ನೆಲಕ್ಕ ಕುಂತೆ. ಸ್ಪೀಕರಿಗೆ ಕಿವಿ ಹಚ್ಚಿದೆ. ಗುಂಯ್. ಅಪ್ಪನ ಗ್ವಾಡಿ ಇದ್ದ ಜಾಗಾನ ಅದು, ಅದ ಮೂಲಿ. ಜಾಹೀರಾತು ಬರ್ತೈತೇನೋ ಅಂತ ಒಂದೀಟು ಹೊತ್ತು ಕಾದೆ. ಬರ್ಲಿಲ್ಲ. ಅಳು ಬಂತು, ನಾ ತಡಕೊಳ್ಳಲಿಲ್ಲ.

ತಮ್ಮ ಬಾಗಲದಾಗ ನಿಂತು ನೆಲಾ ನೋಡ್ಕೊಂತ ಅಂದ, "ಗ್ವಾಡಿ ಕೆಡವೂವಾಗ ನಿನ್ನ ಒಂದು ಮಾತು ಕೇಳ್ಬೇಕಿತ್ತಕ್ಕಾ. ಅವು ಎದ್ದು ಹೋದಾಗ ನನಗೂ ಕೆಟ್ಟ ಅನಸ್ತು. ನೀ ವಸ್ತಿ ಇರೂದ ಬಿಟ್ಟಿ, ನನಗ ಕೇಳಾಕ ಬಾಯಿ ಬರ್ಲಿಲ್ಲ."

"ಮಾತು ಸಾಕು," ಅಂದೆ, "ಚಾಪಿ ತಾ."

ಮಧ್ಯಾಹ್ನ ಪೂರ್ತಿ ಅಲ್ಲೇ ಅಡ್ಡಾದೆ. ತಮ್ಮನೂ ಒಂದು ದಿಂಬು ತಗೊಂಡು ಬಂದು ಮಗ್ಗಲಕ ಅಡ್ಡಾದ. ಎದ್ದ ಮ್ಯಾಲ ತಿಕೋಟಾದಾಂವಗ ಫೋನ್ ಮಾಡಿದ್ವಿ. ನಾಳೆ ಬಂದು ಹುಳಾ ನಿಮ್ಮ ಪೆಟಗಿಗೆ ಸಾಗಿಸಿ ಕೊಡ್ತೀನ್ರಿ ಅಂದ ಅಂವ.

"ಒಯ್ಯಕ್ಕಾ," ಅಂದ ತಮ್ಮ, "ನಿನ್ನವ ಅವು."

ಮಾಳಗಿ ಮ್ಯಾಲಿನ ಖಾಲಿ ಪೆಟಗಿ ಕಣ್ಣಿಗೆ ಕಟ್ತು. ಎಷ್ಟ ಆಸೆಪಟ್ಟಿದ್ದೆ. ಆದ್ರೂ ಬಾಯಿಂದ ಬಂದದ್ದು ಬ್ಯಾರೆ. "ಬ್ಯಾಡ. ಯಾರೂ ಕರೀದ ತಾವಾಗೇ ತವರಿಗೆ ಬಂದಾವು, ಇಲ್ಲೇ ಇರ್ಲಿ. ನಾನೂ ಬರ್ತೀನಿ, ಐತವಾರಕ್ಕೊಮ್ಮೆ. ಇವತ್ತ ವಸ್ತಿ ಇಲ್ಲೇ."

ತಮ್ಮನ ಮಾರಿ ಅರಳಿತು. ಆಮ್ಯಾಲ ಸ್ಪೀಕರ್ ನೋಡಿ ತಲಿ ಕೆರಕೊಂಡ. "ಎಲ್ಲಾ ಖರೆ ಅಕ್ಕಾ. ಮುಂದಿನ ವಾರ ಕುಬಸಕ್ಕ ಹಾಡು ಎದರಾಗ ಹಚ್ಲಿ?"

ಊದಿದ ಮೂಗಿಗೆ ಸುಣ್ಣ ಹಚ್ಚಿಕೊಂಡು ಮೂಲ್ಯಾಗ ಕುಂತಿದ್ದ ನಮ್ಮವ್ರು ಆಗ ಬಾಯಿ ಬಿಟ್ರು. "ನಮ್ಮ ಮನ್ಯಾಗ ಖಾಲಿ ಪೆಟಗಿ ಐತೆಲ್ಲೋ. ಅದರಾಗ ಮೊಬೈಲ್ ಇಡು. ಆವಾಜ್ ಭಾರಿ ಬರ್ತೈತಿ, ಬೇಕಾದ್ರ ನಿಮ್ಮಕ್ಕನ ಕೇಳು!"